ಅಣ್ಣನ ಬಾಯಿಗೆ ನನ್ನ ದನಿ

ನಮ್ಮ ಕಿನ್ನಿಗೋಳಿಯ ಕಡೆ ಗಲ್ಫಿಗೆ ಹೋಗಿ ಬಂದವರು ಮನೆಗೊಬ್ಬರಾದರೂ ಸಿಗುತ್ತಾರೆ. ಆದ್ದರಿಂದ ಕತಾರಿನ ಕಟ್ಟಡಗಳು ಎಷ್ಟು ಎತ್ತರ, ರಸ್ತೆಗಳು ಎಷ್ಟು ನುಣುಪು ಎಂದೆಲ್ಲ ನಾನು ಬರೆದರೆ ಓದುವವರಿಗೆ ನಗು ಬಂದೀತು. ನಾನು ಹೋದದ್ದು ದುಡಿಯುವುದಕ್ಕಲ್ಲ, ಊರು ನೋಡುವುದಕ್ಕೂ ಅಲ್ಲ. ತೀರಿಹೋದ ನನ್ನ ಅಣ್ಣ ಅಲ್ಲಿ ಒಂದು ಸಿನಿಮಾದಲ್ಲಿ ಮಾತಾಡುತ್ತಿದ್ದ. ಆದರೆ ಅವನ ಮಾತಿಗೆ ದನಿ ಇರಲಿಲ್ಲ. ಆ ದನಿ ಕೊಡುವುದಕ್ಕೆ ಹೋದೆ.

ನಾನು ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ರಿಕ್ಷಾಕ್ಕೆ ಮೈಕ್ ಕಟ್ಟಿ ಊರೂರು ತಿರುಗಿ ಪ್ರಚಾರ ಮಾಡುವುದು ನನ್ನ ಕೆಲಸ. ಸೀರೆ ಅಂಗಡಿಯ ರಿಯಾಯಿತಿ, ಕಣ್ಣಿನ ತಪಾಸಣೆಯ ಶಿಬಿರ, ಚುನಾವಣೆ, ಏನಿದ್ದರೂ ಸರಿ. ಬೆಳಿಗ್ಗೆ ಒಬ್ಬರನ್ನು ಗೆಲ್ಲಿಸಿ ಎಂದು ಕೂಗಿ, ಸಂಜೆ ಬ್ಯಾನರ್ ಬದಲಿಸಿ ಅವರನ್ನೇ ಸೋಲಿಸಿ ಎಂದು ಕೂಗಿದ್ದೂ ಉಂಟು. ಬರೆದುಕೊಟ್ಟದ್ದನ್ನು ಸ್ಪಷ್ಟವಾಗಿ ಹೇಳುವುದಷ್ಟೇ ಮೈಕಿನವನ ಕೆಲಸ.

ಅಣ್ಣ ಚಂದ್ರಹಾಸನಿಗೂ ನನಗೂ ಮುಖದಲ್ಲಿ ಹೋಲಿಕೆ ಕಡಿಮೆ. ದನಿ ಮಾತ್ರ ಒಂದೇ. ಚಿಕ್ಕಂದಿನಲ್ಲಿ ಹಿತ್ತಿಲ ಬಾಗಿಲು ತಟ್ಟಿದರೆ ಅಮ್ಮ ಒಳಗಿಂದ "ಯಾರು?" ಎನ್ನುತ್ತಿದ್ದಳು. "ನಾನು" ಎಂದರೆ "ಯಾವ ನಾನು?" ಎಂದು ಮತ್ತೆ ಕೇಳುತ್ತಿದ್ದಳು. ಹೆಸರು ಹೇಳಿದ ಮೇಲೆಯೇ ಬಾಗಿಲು. ನಮ್ಮ ಮನೆಮಾತು ತುಳು. ಓದುವವರ ಅನುಕೂಲಕ್ಕೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹೊರಡುವ ದಿನ ಅಮ್ಮ ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಅವನ ದನಿ ತಗೊಂಡು ಬಾ." ಅವಳಿಗೆ ಕಣ್ಣು ಪೂರ್ತಿ ಮಂಜಾಗಿದೆ. ಫೋಟೋ ತಂದರೆ ಉಪಯೋಗವಿಲ್ಲ. ಅದು ಅವನ ದನಿಯಲ್ಲಮ್ಮ, ನನ್ನದೇ ಎಂದು ಎಷ್ಟು ಹೇಳಿದರೂ ಅವಳು ಕೇಳಿಸಿಕೊಳ್ಳಲಿಲ್ಲ.

ಇಳಿದ ದಿನ

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ಯಾಕೆ ಬಂದಿದ್ದೀಯ ಎಂದು ಇಂಗ್ಲಿಷಿನಲ್ಲಿ ಕೇಳಿದ. ನನಗೆ ಗೊತ್ತಿದ್ದ ಒಂದೇ ಶಬ್ದ ಹೇಳಿದೆ: "ವಾಯ್ಸ್." ಅವನು ನನ್ನ ಗಂಟಲನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಇನ್ನೊಬ್ಬನನ್ನು ಕರೆದ. ಆ ಇನ್ನೊಬ್ಬನೂ ನನ್ನ ಗಂಟಲು ನೋಡಿದ. ಕೊನೆಗೆ ಹೊರಗೆ ಕಾಯುತ್ತಿದ್ದ ವಿನಯಾ ಮೇಡಂಗೆ ಫೋನ್ ಮಾಡಿ ಬಿಡಿಸಿಕೊಂಡೆ.

ವಿನಯಾ ಮೈಸೂರಿನವರು. ನನ್ನನ್ನು ಕರೆಸಿದ ಸಂಸ್ಥೆಯಲ್ಲಿ ಕೆಲಸ. ಇಟಲಿಯ ಒಬ್ಬ ವೃದ್ಧ ನಿರ್ದೇಶಕರ ಎಲ್ಲ ಸಿನಿಮಾಗಳನ್ನು ಆ ಸಂಸ್ಥೆಯವರು ಮುಶೈರಿಬ್ ಎಂಬಲ್ಲಿ ತೋರಿಸುತ್ತಿದ್ದರು. ಅದೇ ನಿರ್ದೇಶಕರು ತಮ್ಮ ಕೊನೆಯ ಸಿನಿಮಾವನ್ನೂ ಅಲ್ಲಿಯೇ ಮುಗಿಸುತ್ತಿದ್ದರು. ಅದರಲ್ಲಿ ಅಣ್ಣನಿದ್ದ.

"ಅವ್ರು ಸಿಕ್ಕಾಪಟ್ಟೆ ಪೊಲಿಟಿಕಲ್, ಸದಾಶಿವ ಅವ್ರೇ," ಎಂದರು ವಿನಯಾ. "ಊಟಕ್ಕೆ ಕೂತ್ರೂ ಪಾಲಿಟಿಕ್ಸೇ. ನೀವು ಹೆದರ್ಕೋಬೇಡಿ."

"ನಾನೂ ರಾಜಕೀಯದಲ್ಲೇ ಇರೋದು ಮೇಡಂ," ಎಂದೆ. "ಎಲ್ಲ ಪಕ್ಷದಲ್ಲಿಯೂ."

ಮೆಟ್ರೋ ರೈಲಿನಲ್ಲಿ ಒಬ್ಬ ಹೆಂಗಸಿನ ದನಿ ಪ್ರತಿ ನಿಲ್ದಾಣದ ಹೆಸರು ಹೇಳುತ್ತಿತ್ತು. ಒಳ್ಳೆಯ ದನಿ, ಉಸಿರಿನ ಸದ್ದೇ ಇಲ್ಲ. ಡ್ರೈವರನನ್ನು ನೋಡೋಣವೆಂದು ಮುಂದಿನ ಡಬ್ಬಿಯ ತನಕ ಹೋದೆ. ಗಾಜಿನಾಚೆ ಹಳಿ ಇತ್ತು, ಕತ್ತಲೆ ಇತ್ತು. ಡ್ರೈವರನ ಜಾಗವೇ ಇರಲಿಲ್ಲ. ಯಾರೂ ನಡೆಸದ ರೈಲು, ಬಾಯಿಯೇ ಇಲ್ಲದ ಮಾತು. ಆ ಹೆಂಗಸು ಎಂದೋ ಒಂದು ದಿನ ಒಂದು ಕೋಣೆಯಲ್ಲಿ ಕೂತು ಇದನ್ನೆಲ್ಲ ಹೇಳಿ ಮನೆಗೆ ಹೋಗಿರಬೇಕು. ಈಗ ಬದುಕಿದ್ದಾಳೋ ಇಲ್ಲವೋ, ರೈಲಿಗೆ ಅದು ಬೇಕಿಲ್ಲ. ನನಗೆ ಮೊದಲ ಸಲ ನನ್ನ ಕೆಲಸದ ಬಗ್ಗೆ ಹೆದರಿಕೆಯಾಯಿತು.

ಅಲ್ ಸದ್ದ್

ಅಲ್ ಸದ್ದ್‌ನಲ್ಲಿ ನನಗೆ ಒಂದು ಫ್ಲಾಟ್ ಕೊಟ್ಟಿದ್ದರು. ಬಾಗಿಲಿನ ಕಾರ್ಡನ್ನು ಗೋಡೆಯ ಸಂದಿಗೆ ಸಿಕ್ಕಿಸಿದರೆ ಮಾತ್ರ ದೀಪ ಉರಿಯುತ್ತದೆ ಎಂದು ಯಾರೂ ಹೇಳಲಿಲ್ಲ. ಎಲ್ಲ ಸ್ವಿಚ್ಚುಗಳನ್ನೂ ಒತ್ತಿ ಸೋತು, ದಪ್ಪ ಪರದೆಯ ಆ ಕೋಣೆಯಲ್ಲಿ ಹಗಲಲ್ಲೇ ಕತ್ತಲೆಯಲ್ಲಿ ಕೂತಿದ್ದೆ. ವಿನಯಾ ಫೋನ್ ಮಾಡಿ ಹೇಳಿದ ಮೇಲೆ ಬೆಳಕಾಯಿತು. ಎದುರಿನ ಕಟ್ಟಡಗಳ ಬಾಲ್ಕನಿಗಳಲ್ಲಿ ನಮ್ಮವರ ಬಟ್ಟೆಗಳು ಒಣಗುತ್ತಿದ್ದವು, ಎಲ್ಲಿಂದಲೋ ಒಗ್ಗರಣೆಯ ವಾಸನೆ ಬರುತ್ತಿತ್ತು. ಜನ ಮಾತ್ರ ಕಾಣಲಿಲ್ಲ. ನಾನಿದ್ದಷ್ಟು ದಿನ ಒಂದು ಕಾಗೆಯೂ ನನ್ನ ಕಣ್ಣಿಗೆ ಬೀಳಲಿಲ್ಲ. ಅಣ್ಣನ ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಕಾಗೆಗಿಟ್ಟ ಎಡೆಯನ್ನು ಮುಟ್ಟಲು ಒಂದೂ ಬಾರದೆ ನಾವೆಲ್ಲ ಬಿಸಿಲಲ್ಲಿ ನಿಂತದ್ದು ನೆನಪಾಯಿತು. ಯಾಕೆ ಬರಲಿಲ್ಲ ಎಂದು ಉಳಿದವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದೆ ಎಂದು ನಾನು ಅಂದುಕೊಂಡಿದ್ದೆ.

ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮುಂದಕ್ಕೆ ಹಾಕಿದರೆ ಹೇಳದೆ ಮುಗಿಸಿಬಿಟ್ಟೇನು.

ಅಣ್ಣ ಬೇಸಿಗೆಯಲ್ಲಿ ಕೆಲಸದ ಜಾಗದಲ್ಲೇ ಬಿದ್ದು ತೀರಿಕೊಂಡ. ಅವನನ್ನು ಕೆಲಸಕ್ಕೆ ಕಳಿಸಿದ್ದ ಕಂಪನಿಯಿಂದ ನನಗೆ ಫೋನ್ ಬಂತು. ಆ ಮನುಷ್ಯ ಹಿಂದಿಯಲ್ಲಿ ಮೆತ್ತಗೆ ಕೇಳಿದ. ನಿಮ್ಮ ಅಣ್ಣನಿಗೆ ಮೊದಲಿನಿಂದಲೂ ಹೃದಯದ ತೊಂದರೆ ಇತ್ತಲ್ಲವೇ? ಇತ್ತು ಅಂದರೆ ದೇಹವನ್ನು ಬೇಗ ಊರಿಗೆ ಕಳಿಸಬಹುದು. ಇಲ್ಲ ಅಂದರೆ ವಿಚಾರಣೆ, ಪರೀಕ್ಷೆ, ಎಷ್ಟು ದಿನವೋ ನಮಗೂ ಗೊತ್ತಿಲ್ಲ. ಒಳಗೆ ಅಮ್ಮ ನೀರೂ ಮುಟ್ಟದೆ ಕೂತಿದ್ದಳು. ಅಣ್ಣ ತಣ್ಣನೆಯ ಪೆಟ್ಟಿಗೆಯಲ್ಲಿ ಒಬ್ಬನೇ ಇದ್ದಾನೆ ಎಂಬುದು ಒಂದೇ ನನ್ನ ತಲೆಯಲ್ಲಿತ್ತು. "ಇತ್ತು" ಎಂದೆ. ರೆಕಾರ್ಡ್ ಆಗುತ್ತಿದೆ, ಇನ್ನೊಮ್ಮೆ ಸ್ಪಷ್ಟವಾಗಿ ಹೇಳಿ ಎಂದ. ಸ್ಪಷ್ಟವಾಗಿ ಹೇಳುವುದು ನನ್ನ ಕಸುಬು. "ಚಿಕ್ಕಂದಿನಿಂದ ಇತ್ತು" ಎಂದು ಮೈಕಿನ ದನಿಯಲ್ಲಿ ಹೇಳಿದೆ. "ಬಹಳ ಸ್ಪಷ್ಟವಾಗಿದೆ, ಧನ್ಯವಾದ" ಎಂದ.

ಅಣ್ಣನಿಗೆ ಏನೂ ಇರಲಿಲ್ಲ. ಜ್ವರ ಬಂದರೂ ಮಲಗದ ಮನುಷ್ಯ. ಆದರೆ ಕಂಪನಿಗೆ ಹೇಳಿದ್ದನ್ನೇ, ಕಂಪನಿಯವರು ಹೇಳಿದ್ದು ಎಂಬಂತೆ ಅಮ್ಮನಿಗೂ ಹೇಳಬೇಕಾಯಿತು. ಅಂದಿನಿಂದ ಅಮ್ಮ ಹಳೆಯದನ್ನೆಲ್ಲ ಕೆದಕುತ್ತಿದ್ದಾಳೆ. "ಬಾವಿಯಿಂದ ನೀರು ಸೇದಿ ಏದುಸಿರು ಬಿಡ್ತಿದ್ದ ಅಲ್ವಾ? ನಾನು ಬೈತಿದ್ದೆ, ಸೋಮಾರಿ ಅಂತ. ಆಗಲೇ ಇತ್ತು. ಹೆತ್ತವಳಿಗೆ ಗೊತ್ತಾಗ್ಲಿಲ್ಲ ನೋಡು." ಇದನ್ನು ಅವಳು ದಿನಕ್ಕೊಮ್ಮೆಯಾದರೂ ಹೇಳುತ್ತಾಳೆ. ಇಲ್ಲಮ್ಮ, ಅದು ಸುಳ್ಳು ಎಂದು ಹೇಳಬೇಕಾದ ನಾನು ರಿಕ್ಷಾ ಸ್ಟಾರ್ಟ್ ಮಾಡಿ ಹೊರಟುಬಿಡುತ್ತೇನೆ.

ಮುಶೈರಿಬ್, ಹಳೆಯ ಸಿನಿಮಾಗಳು

ಮುಶೈರಿಬ್‌ನ ಬೀದಿಗಳಲ್ಲಿ ಕಸವಿಲ್ಲ, ಧೂಳಿಲ್ಲ, ನೆರಳು ಬೇಕಾದಷ್ಟಿದೆ. ಹೊರಗೆ ಹೊಲಿಗೆಯಂಗಡಿಯ ಇಸ್ತ್ರಿಪೆಟ್ಟಿಗೆಯಂಥ ಬಿಸಿಲು, ಒಂದು ಓಣಿಗೆ ತಿರುಗಿದರೆ ಎಲ್ಲಿಂದಲೋ ತಣ್ಣನೆ ಗಾಳಿ. ಸದ್ದಿಲ್ಲದ ಟ್ರಾಮ್ ಒಂದು ಖಾಲಿಯಾಗಿ ಬಂದು, ನಿಂತು, ಬಾಗಿಲು ತೆರೆದು, ಯಾರೂ ಹತ್ತದಿದ್ದರೂ ಮರ್ಯಾದೆಗೆ ಸ್ವಲ್ಪ ಕಾದು ಹೊರಟಿತು. ನಮ್ಮೂರಿನ ಬಸ್ಸಿಗೆ ಆ ಮರ್ಯಾದೆ ಇಲ್ಲ. ಆದರೆ ನಮ್ಮೂರಿನ ಬಸ್ಸಿನಲ್ಲಿ ಬೈಯುವ ಕಂಡಕ್ಟರನಾದರೂ ಇರುತ್ತಾನೆ.

ನಿರ್ದೇಶಕರಿಗೆ ಎಂಬತ್ತು ದಾಟಿದೆ. ಬಿಳಿ ಅಂಗಿ, ಕೈಯಲ್ಲಿ ಕೋಲು, ತುಟಿಯಲ್ಲಿ ಹಚ್ಚದ ಸಿಗರೇಟು. ಎಲ್ಲರೂ ಅವರನ್ನು ಮಾಯೆಸ್ತ್ರೋ ಎಂದು ಕರೆಯುತ್ತಿದ್ದರು. ನಮ್ಮಲ್ಲಿ ಮೇಷ್ಟ್ರೇ ಎಂದಂತೆ ಎಂದು ತಿಳಿದು ನಾನೂ ಹಾಗೆಯೇ ಕರೆದೆ. ನನ್ನ ಮೊದಲ ಮಾತು ಕೇಳಿದ ಕೂಡಲೇ ಅವರು ಕಣ್ಣು ಮುಚ್ಚಿಕೊಂಡರು. ಅಣ್ಣನ ದನಿಯನ್ನು ಅವರು ಒಮ್ಮೆ ಕೇಳಿದ್ದರು. ಕಣ್ಣು ತೆರೆದು ನನ್ನ ಮುಖ ನೋಡಿದಾಗ ಅವರಿಗೆ ಸ್ವಲ್ಪ ನಿರಾಶೆಯಾದಂತೆ ಕಂಡಿತು.

ಸಂಜೆ ಅವರ ಹಳೆಯ ಸಿನಿಮಾಗಳನ್ನು ನೋಡಿದೆ. ನನ್ನ ಪಕ್ಕ ಕೂತು ವಿನಯಾ ಕತೆ ಹೇಳುತ್ತಿದ್ದರು. ಮೇಷ್ಟ್ರು ಬಂದರಿನ ಊರಿನವರು, ಅಪ್ಪ ಹಡಗಿಗೆ ಮೂಟೆ ಹೊರುತ್ತಿದ್ದವರು. ಮೊದಲ ಸಿನಿಮಾ ಅಂಥ ಹಮಾಲಿಗಳದ್ದು. ಒಂದು ಹಡಗನ್ನು ಮುಟ್ಟುವುದಿಲ್ಲ ಎಂದು ಅವರೆಲ್ಲ ಕೈಕಟ್ಟಿ ಕೂರುತ್ತಾರೆ. ಎರಡನೆಯದರಲ್ಲಿ ಒಬ್ಬ ಮಂತ್ರಿ ಸಿನಿಮಾ ಮುಗಿಯುವವರೆಗೂ ಉಣ್ಣುತ್ತಲೇ ಇರುತ್ತಾನೆ, ಹೊರಗೆ ಜನ ಕಾಯುತ್ತಿರುತ್ತಾರೆ. ಅದಕ್ಕೆ ಸರ್ಕಾರದವರು ಸಿಟ್ಟಾಗಿ ಪ್ರದರ್ಶನ ನಿಲ್ಲಿಸಿದರಂತೆ. ಮುಂದಿನದರಲ್ಲಿ ಕಾರ್ಮಿಕರ ಮುಖಂಡನೇ ಮಾಲೀಕನ ಕಾರಿನಲ್ಲಿ ನಿದ್ದೆ ಹೋಗುತ್ತಾನೆ. ಅದಕ್ಕೆ ಅವರ ಸ್ವಂತ ಪಕ್ಷದವರೇ ಅವರನ್ನು ಹೊರಗೆ ಹಾಕಿದರು. ಆಮೇಲೆ ಎಷ್ಟೋ ವರ್ಷ ಯಾರೂ ಅವರ ಕೈಗೆ ಕ್ಯಾಮೆರಾ ಕೊಡಲಿಲ್ಲ. ಬಿಸ್ಕತ್ತಿನ ಜಾಹೀರಾತು ಮಾಡಿಕೊಂಡು ಬದುಕಿದರಂತೆ. ಎರಡೂ ಕಡೆಯವರಿಂದ ಬೈಸಿಕೊಂಡವರು ಅವರು, ಎರಡೂ ಕಡೆಯವರಿಂದ ಕೂಲಿ ಪಡೆದವನು ನಾನು. ಇಬ್ಬರೂ ಈಗ ಒಂದೇ ಸಾಲಿನಲ್ಲಿ ಕೂತಿದ್ದೆವು.

ಅಷ್ಟರಲ್ಲಿ ನನ್ನ ಕಿವಿ ಚುರುಕಾಯಿತು. ಮೊದಲ ಸಿನಿಮಾದ ಹಮಾಲಿಯ ದನಿ ಎರಡನೆಯದರ ಮಂತ್ರಿಯ ಬಾಯಲ್ಲಿ ಬಂತು. ಮೂರನೆಯದರಲ್ಲಿ ಒಬ್ಬ ಪಾದ್ರಿ ಬಾಯಿ ತೆರೆದ, ಅದೇ ದನಿ. ಮುಖ ಬೇರೆ, ಎತ್ತರ ಬೇರೆ, ಹಲ್ಲು ಬೇರೆ. ದನಿ ಮಾತ್ರ ಒಬ್ಬನದೇ, ಯಾರನ್ನೋ ಹುಡುಕುತ್ತ ಮೈಯಿಂದ ಮೈಗೆ ಹಾರುವಂತೆ. ಮುಗಿದ ಮೇಲೆ ಮೇಷ್ಟ್ರನ್ನು ಕೇಳಿದೆ. ಅವರು ಕೋಲು ಕುಟ್ಟಿ ನಕ್ಕರು.

ಅವರ ಕಾಲದಲ್ಲಿ ಅಲ್ಲಿ ಸಿನಿಮಾ ತೆಗೆಯುವಾಗ ಮಾತು ಹಿಡಿಯುತ್ತಿರಲಿಲ್ಲವಂತೆ. ಮುಖ ಬೀದಿಯಿಂದ ತರುವುದು, ದನಿ ಆಮೇಲೆ ಕೋಣೆಯಲ್ಲಿ ಸೇರಿಸುವುದು. ಮೇಷ್ಟ್ರು ಇಂದಿಗೂ ಆ ಅಭ್ಯಾಸ ಬಿಟ್ಟಿಲ್ಲ. ಅಣ್ಣನನ್ನು ತೆಗೆದದ್ದೂ ಹಾಗೆಯೇ. ವಿನಯಾ ಅವರ ಮಾತನ್ನು ಕನ್ನಡ ಮಾಡಿದರು: "ಆ ದನಿ ಒಬ್ಬ ಕುಳ್ಳ ಮನುಷ್ಯಂದಂತೆ. ಸೈಕಲ್ಲಲ್ಲಿ ಬರ್ತಿದ್ದ, ಹೇಳಿ ಹೋಗ್ತಿದ್ದ. ತೀರಿಕೊಂಡು ಎಷ್ಟೋ ವರ್ಷ ಆಯ್ತು. ಈಗ ಇವ್ರಿಗೆ ಅವನ ಮುಖಾನೇ ನೆನಪಿಲ್ವಂತೆ. ಕನಸಲ್ಲಿ ಬರ್ತಾನೆ, ಆದ್ರೆ ಪ್ರತಿ ಸಲ ಬೇರೆಯವರ ಮುಖ ಹಾಕ್ಕೊಂಡು ಬರ್ತಾನೆ ಅಂತಾರೆ."

ಮೇಷ್ಟ್ರು ನಗುತ್ತಲೇ ಇದ್ದರು. ನನಗೂ ವಿನಯಾಗೂ ನಗು ಬರಲಿಲ್ಲ.

ಬರ್ವಾ ಅಲ್ ಬರಾಹಾ

ಮರುದಿನ ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡು ಹಮೀದನನ್ನು ನೋಡಲು ಹೋದೆ. ಅಣ್ಣ ಇದ್ದದ್ದು ಬರ್ವಾ ಅಲ್ ಬರಾಹಾದಲ್ಲಿ. ಒಂದೇ ತರದ ಕಟ್ಟಡಗಳು ಸಾಲಾಗಿ ನಿಂತ, ಕೆಲಸಗಾರರೇ ವಾಸಿಸುವ ದೊಡ್ಡ ವಠಾರ ಅದು. ಹಮೀದ್ ಉಪ್ಪಿನಂಗಡಿಯ ಬ್ಯಾರಿ. ಅಣ್ಣನ ಕೋಣೆಯಲ್ಲೇ ಇದ್ದವನು. ಸತ್ತವನ ಮಾತಿಗೆ ತಮ್ಮನ ದನಿ ಹೊಂದುತ್ತದೆ ಎಂದು ಸಿನಿಮಾದವರಿಗೆ ಹೇಳಿದವನೂ ಅವನೇ.

ಕಟ್ಟಡ ಯಾವುದೆಂದು ತಿಳಿಯದೆ ಊಟದ ಹಾಲಿನ ಬಾಗಿಲಲ್ಲಿ ನಿಂತು "ಹಮೀದ್ ಇದ್ದಾನಾ?" ಎಂದೆ. ಬೆನ್ನು ತಿರುಗಿಸಿ ಅನ್ನ ಬಡಿಸುತ್ತಿದ್ದವನ ಕೈಯಿಂದ ಸೌಟು ಬಿತ್ತು. ಅವನು ತಿರುಗಿ ನೋಡಲಿಲ್ಲ. ಹಾಗೆಯೇ ನಿಂತು ಏನೋ ಪ್ರಾರ್ಥನೆ ಹೇಳಿಕೊಂಡ.

ಹಮೀದ್ ಓಡಿ ಬಂದ. "ಅವನಿಗೆ ಹೇಳಲಿಕ್ಕೆ ಮರ್ತೇ ಹೋಯ್ತು ಮಾರಾಯ. ನೀನು ಬಾಯಿ ತೆರೆಯುವ ಮೊದಲು ಮುಖ ತೋರಿಸು. ಇಲ್ಲದಿದ್ರೆ ಇಲ್ಲಿ ಇನ್ನೊಂದು ಹೆಣ ಬೀಳ್ತದೆ!"

ಕೋಣೆಯಲ್ಲಿ ಅಣ್ಣನ ಮಂಚದಲ್ಲಿ ಈಗ ಒಬ್ಬ ನೇಪಾಳದವನು ಇದ್ದಾನೆ. ಅವನು ಎದ್ದು ನನಗೆ ಜಾಗ ಬಿಟ್ಟ. ನಾನು ಕೂರಲಿಲ್ಲ. ಆ ಗೋಡೆಯಲ್ಲಿ ತಲೆ ಒರಗುವ ಕಡೆ ಎಣ್ಣೆಯ ಕಲೆಯೊಂದಿತ್ತು. ಅದು ಯಾರ ತಲೆಯದ್ದೆಂದು ಕೇಳಲು ಧೈರ್ಯ ಬರಲಿಲ್ಲ. ಮೆಲ್ಲಗೆ ಉಳಿದವರೂ ಬಂದು ಬಾಗಿಲಲ್ಲಿ ನಿಂತರು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರೂ ನೆಲ ನೋಡುತ್ತ ಕೇಳುತ್ತಿದ್ದರು.

"ಒಂದು ಮಾತು," ಎಂದ ಹಮೀದ್. "ಬೆಳಿಗ್ಗೆ ಚಂದ್ರಣ್ಣನೇ ನಮ್ಮನ್ನೆಲ್ಲ ಎಬ್ಬಿಸೋದು. 'ಯಲ್ಲಾ, ಬಚ್ಚಲು ಖಾಲಿ ಉಂಟು, ಬನ್ನಿ ಭಾಯಿ' ಅಂತ. ಒಮ್ಮೆ ಹೇಳ್ತೀಯಾ? ಇವರು ಕೇಳ್ತಿದ್ದಾರೆ."

"ಬೇಡ ಹಮೀದ್."

"ಒಂದೇ ಸಲ ಮಾರಾಯ. ನಿನ್ನದು ಮೈಕಿನ ಗಂಟಲಲ್ವಾ!"

ಓಣಿಯ ಕಡೆ ತಿರುಗಿ ಕೂಗಿದೆ. ನಾಲ್ಕಾರು ಬಾಗಿಲಾಚೆಯ ಒಂದು ಕೋಣೆಯಿಂದ ಹಿಂದಿಯಲ್ಲಿ "ಆಯಾ, ಚಂದ್ರಭಾಯಿ!" ಎಂದು ಉತ್ತರ ಬಂತು. ಮಧ್ಯಾಹ್ನದ ನಿದ್ದೆಯಲ್ಲಿದ್ದ ಒಬ್ಬ, ಹೆಗಲಿಗೆ ಟವೆಲ್ ಹಾಕಿಕೊಂಡು, ಅರ್ಧ ಮುಚ್ಚಿದ ಕಣ್ಣಲ್ಲೇ ಹೊರಗೆ ಬಂದ. ನಮ್ಮನ್ನೆಲ್ಲ ನೋಡಿದ. ಬಿಸಿಲು ನೋಡಿದ. ಏನು ನೆನಪಾಯಿತೋ, ಟವೆಲನ್ನು ಹೆಗಲಿಂದ ತೆಗೆದು ಎದೆಗೆ ಒತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ನನ್ನನ್ನು ಕಳಿಸಲು ಗೇಟಿನ ತನಕ ಬಂದ ಹಮೀದ್ ಹೇಳಿದ: "ಕಂಪನಿಯವ ನನ್ನ ಹತ್ರ ಎಂತ ಹೇಳಿದ ಗೊತ್ತುಂಟಾ? ಚಂದ್ರಣ್ಣನಿಗೆ ಮೊದಲೇ ಹಾರ್ಟಿನದ್ದು ಇತ್ತು, ಮನೆಯವರೇ ಒಪ್ಪಿದ್ದಾರೆ ಅಂತ. ಸಿಮೆಂಟ್ ಚೀಲ ಎರಡೆರಡು ಎತ್ತುವ ಜನ! ನಾನು ಬೈದೆ ಅವನಿಗೆ. ಅವರ ಮನೆಯವರು ಹಾಗೆ ಹೇಳುವ ಜಾತಿಯವರಲ್ಲ, ನೀನೇ ಹುಟ್ಟಿಸಿದ್ದು ಅಂದೆ. ನಾನು ಹೇಳಿದ್ದು ಸರಿಯಲ್ವಾ?"

ನಾನು ಬಸ್ಸಿನ ಕಡೆ ನೋಡಿದೆ. ನನ್ನಿಂದ ಆದದ್ದು ಅಷ್ಟೇ. ಹಮೀದ್, ಇದನ್ನು ಯಾರಾದರೂ ನಿನಗೆ ಓದಿ ಹೇಳಿಯಾರು. ಕಂಪನಿಯವನು ಆ ಒಂದು ವಿಷಯದಲ್ಲಿ ಸುಳ್ಳು ಹೇಳಿರಲಿಲ್ಲ.

ಮತ್ತೆ ಮುಶೈರಿಬ್

ದನಿ ಸೇರಿಸುವ ಕೋಣೆ ಒಂದು ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಗೋಡೆಗೆಲ್ಲ ಹಾಸಿಗೆಯಂಥ ಮೆತ್ತೆ. ಒಳಗೆ ಹೋಗಿ ಬಾಗಿಲು ಮುಚ್ಚಿದರೆ ಹೊರಗಿನ ಒಂದು ಸದ್ದೂ ಇಲ್ಲ. ನನ್ನ ಕಿವಿಯೊಳಗೆ ನೆತ್ತರು ಓಡುವುದು ನನಗೇ ಕೇಳಿಸುತ್ತಿತ್ತು. ಎದುರಿಗೆ ಪರದೆ, ಮುಂದೆ ಮೈಕ್. ಮೈಕ್ ಒಂದೇ ನನ್ನ ಪರಿಚಯದ ವಸ್ತು. ಗಾಜಿನಾಚೆ ಯಂತ್ರ ನೋಡಿಕೊಳ್ಳುವ ಒಬ್ಬ ಲೆಬನಾನಿನ ಹೆಂಗಸು, ಮೇಷ್ಟ್ರು, ವಿನಯಾ.

ಪರದೆಯಲ್ಲಿ ಅಣ್ಣ ಬಂದ.

ಎರಡು ಕಟ್ಟಡಗಳ ನಡುವೆ ಸಂಜೆಯ ಬಿಸಿಲಿನಲ್ಲಿ ನಿಂತಿದ್ದ. ಕೈಯಲ್ಲಿ ಹಳದಿ ಹೆಲ್ಮೆಟ್, ಹುಬ್ಬಿನಲ್ಲಿ ಧೂಳು. ಮೈ ಸ್ವಲ್ಪ ಇಳಿದಿತ್ತು. ಕ್ಯಾಮೆರಾವನ್ನು ನೋಡಿ ನಾಚಿಕೊಂಡ, ಹೆಲ್ಮೆಟ್ ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ, ಆಮೇಲೆ ಮಾತಾಡತೊಡಗಿದ. ತುಟಿ ಆಡುತ್ತಿತ್ತು, ಗಂಟಲು ಆಡುತ್ತಿತ್ತು, ಒಮ್ಮೆ ನಕ್ಕ. ಏನೂ ಕೇಳುವುದಿಲ್ಲ. ಗಾಜಿನ ಪೆಟ್ಟಿಗೆಯೊಳಗಿಂದ ನನ್ನನ್ನೇ ಕರೆಯುತ್ತಿರುವಂತೆ. ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಬಂದ. ಮತ್ತೆ ನಾಚಿಕೊಂಡ, ಮತ್ತೆ ಹೆಲ್ಮೆಟ್ ಬದಲಿಸಿದ. ನಾನು ಬಾಯಿ ತೆರೆಯುವ ತನಕ ಅವನು ಹೀಗೆ ಬರುತ್ತಲೇ ಇರುತ್ತಾನೆ.

ನಾನು ಹೇಳಬೇಕಾದದ್ದನ್ನು ಮೇಷ್ಟ್ರು ಬರೆದಿಟ್ಟಿದ್ದರು. ವಿನಯಾ ಅದನ್ನು ಕನ್ನಡ ಮಾಡಿದ್ದರು, ನಾನು ತುಳುವಿಗೆ ತಂದುಕೊಂಡೆ: "ನಾವು ಕಟ್ಟಿದ ನೆರಳಿನಲ್ಲಿ ನಮಗೆ ಜಾಗವಿಲ್ಲ. ನಾವು ಬಿಸಿಲಿಗೆ ಬೀಳುತ್ತೇವೆ, ನಮ್ಮ ಹೆಸರು ಯಾರಿಗೂ ಬೇಡ." ಒಳ್ಳೆಯ ಮಾತು. ಸುಳ್ಳೂ ಅಲ್ಲ. ಮೊದಲ ಸಲಕ್ಕೇ ಸಲೀಸಾಗಿ ಹೇಳಿಬಿಟ್ಟೆ, ದನಿ ಒಂದಿಷ್ಟೂ ನಡುಗಲಿಲ್ಲ. ಗಾಜಿನಾಚೆ ಮೇಷ್ಟ್ರು ಕೈಯೆತ್ತಿ ಭೇಷ್ ಎಂದರು.

ಆ ಹೆಂಗಸು ಅದನ್ನು ಸೇರಿಸಿ ತೋರಿಸಿದಳು. ಅಣ್ಣ ನಾಚಿಕೊಂಡ, ಹೆಲ್ಮೆಟ್ ಬದಲಿಸಿದ, ನನ್ನ ಮೈಕಿನ ದನಿಯಲ್ಲಿ ಭಾಷಣ ಮಾಡಿದ. ಬಿಸಿಲಿಗೆ ಬೀಳುತ್ತೇವೆ ಎನ್ನುವಾಗಲೇ ನಕ್ಕ. ಕಂಪನಿಯವನಿಗೆ ನಾನು ಫೋನಿನಲ್ಲಿ ಹೇಳಿದ್ದೂ ಇದೇ ದನಿಯಲ್ಲಿ.

ಆಗಲೇ ಅವನ ಎಡಗೈಯನ್ನು ನೋಡಿದೆ. ನಗುವ ಮೊದಲು ಆ ಕೈಯಿಂದ ಎದೆಗೆ ಎರಡು ಸಲ ತಟ್ಟಿಕೊಳ್ಳುತ್ತಾನೆ. ಊರಿಗೆ ಬಂದಾಗ ಅಮ್ಮನ ಎದುರು ಕೂತರೂ ಹೀಗೆಯೇ ತಟ್ಟಿಕೊಳ್ಳುತ್ತಿದ್ದ. ಪ್ರತಿ ಶುಕ್ರವಾರ ಫೋನ್ ಮಾಡಿದಾಗ ಅವನು ಹೇಳುತ್ತಿದ್ದದ್ದು ಅದೇ ನಾಲ್ಕು ಮಾತು, ಅದೇ ಕ್ರಮ. ತುಟಿ ಮುಚ್ಚಿ ತೆರೆಯಿತು: ಅಮ್ಮ. ಅಲ್ಲಿಂದ ಮುಂದಿನದೆಲ್ಲ ನನಗೆ ಬಾಯಿಪಾಠ.

"ಅವನು ಹೀಗೆ ಹೇಳಿಲ್ಲ," ಎಂದೆ ಮೈಕಿನಲ್ಲಿ.

ವಿನಯಾ ಇಂಗ್ಲಿಷ್ ಮಾಡಿದರು. ಮೇಷ್ಟ್ರ ತುಟಿಯಿಂದ ಸಿಗರೇಟು ಕೆಳಗೆ ಬಿತ್ತು. ಆಮೇಲೆ ತಾವೇ ಬಾಗಿಲು ತಳ್ಳಿಕೊಂಡು ನಾನಿದ್ದ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು. ಹಿಂದೆಯೇ ವಿನಯಾ.

"ನನ್ನ ಮೊದಲ ಸಿನಿಮಾವನ್ನು ಬಂದರಿನಲ್ಲೇ ಬಿಳಿ ಬಟ್ಟೆ ಕಟ್ಟಿ ತೋರಿಸಿದೆವು," ಎಂದರು. "ಆ ಹಮಾಲಿ ಮಾತಾಡುವಾಗ ಅವನ ಹೆಂಡತಿ ಎದ್ದು ನಿಂತು ಇದೇ ಮಾತು ಹೇಳಿದಳು. ನನ್ನ ಗಂಡ ಹೀಗೆ ಹೇಳಿಲ್ಲ. ನಿಜ, ಅವನು ಕ್ಯಾಮೆರಾ ಮುಂದೆ ಹೇಳಿದ್ದು ಕಾಲು ನೋಯುತ್ತಿದೆ ಅಂತ. ಮಾಲೀಕನನ್ನು ಬೈದ ಮಾತು ನಾನು ಬರೆದದ್ದು. ಆ ಮಾತಿಗೆ ನನಗೆ ಬಹುಮಾನ ಬಂತು. ಅದೇ ಮಾತಿಗೆ ಅವನ ಕೆಲಸ ಹೋಯಿತು."

ನಾನು ಪರದೆ ನೋಡಿದೆ. ಅಣ್ಣ ಬಂದು ಹೋಗುತ್ತಲೇ ಇದ್ದ.

"ಈತನಿಗೆ ಕೆಲಸ ಹೋಗುವ ಹೆದರಿಕೆಯಿಲ್ಲ," ಎಂದರು ಮೇಷ್ಟ್ರು ಮೆಲ್ಲಗೆ. "ಅದಕ್ಕೇ ಧೈರ್ಯ ಮಾಡಿದೆ."

ವಿನಯಾ ಅದನ್ನು ಕನ್ನಡಕ್ಕೆ ತರುವಾಗ ತಡವರಿಸಿದರು. "ಸಾರಿ ಸದಾಶಿವ ಅವ್ರೇ. ಅವ್ರು ಹೇಳಿದ್ದು ಹೇಳ್ದೆ."

"ಅವನು ನಿಜವಾಗಿ ಏನು ಹೇಳುತ್ತಿದ್ದಾನೆ?" ಎಂದು ಮೇಷ್ಟ್ರು ಕೇಳಿದರು.

"ಆರಾಮ ಇದ್ದೇನೆ ಅಂತ."

ಅವರ ಮುಖ ಸಪ್ಪಗಾಯಿತು. "ಎಲ್ಲರೂ ಅದನ್ನೇ ಹೇಳುತ್ತಾರೆ. ಅದನ್ನು ಯಾರು ಕೇಳುತ್ತಾರೆ?"

"ನಮ್ಮ ಅಮ್ಮ," ಎಂದೆ.

ಅವರು ಕೋಲು ಊರಿ ಎದ್ದು, ಹೇಳು ಎನ್ನುವಂತೆ ಮೈಕ್ ತೋರಿಸಿ ಹೊರಗೆ ಹೋದರು.

ಹೇಳಲಾಗಲಿಲ್ಲ. ಬರೆದುಕೊಟ್ಟದ್ದನ್ನು ಒಂದೇ ಸಲಕ್ಕೆ ಹೇಳಿದ ಗಂಟಲು ಅಣ್ಣನ ನಾಲ್ಕು ಮಾತಿಗೆ ಕಟ್ಟಿಕೊಂಡಿತು. "ಅಮ್ಮ" ಎನ್ನುವಷ್ಟಕ್ಕೆ ಉಸಿರು ಮುಗಿಯುತ್ತಿತ್ತು. ಅಣ್ಣ ಬಂದ, ನಾನು ತಪ್ಪಿದೆ. ಮತ್ತೆ ಬಂದ, ಮತ್ತೆ ತಪ್ಪಿದೆ. ಅವನಿಗೆ ಬೇಸರವಿಲ್ಲ, ಅದೇ ನಾಚಿಕೆ, ಅದೇ ನಗು. ಕೊನೆಗೊಮ್ಮೆ ನಾನು ಪರದೆ ನೋಡುವುದನ್ನೇ ಬಿಟ್ಟು ಕಣ್ಣು ಮುಚ್ಚಿಕೊಂಡೆ. ಹಿತ್ತಿಲ ಬಾಗಿಲು ನೆನಪು ಮಾಡಿಕೊಂಡೆ. ಕೂಗುವ ದನಿ ಬಿಟ್ಟು ಮನೆಯ ದನಿಯಲ್ಲಿ ಹೇಳಿದೆ:

"ಅಮ್ಮ, ನಾನು ಆರಾಮ ಇದ್ದೇನೆ. ನನಗೆ ಏನೂ ಇಲ್ಲ, ಕಲ್ಲಿನ ಹಾಗೆ ಇದ್ದೇನೆ. ನೀನು ಸರಿಯಾಗಿ ಊಟ ಮಾಡು. ಸದುವಿಗೆ ಹೇಳು, ಐಸಿನ ನೀರು ಕುಡಿಯುವುದು ಬೇಡ, ಅವನ ದನಿ ಹೋದೀತು."

ಕಣ್ಣು ತೆರೆದಾಗ ಅಣ್ಣ ತುಟಿ ಮುಚ್ಚಿ ನಿಂತಿದ್ದ. ಅವನ ಬಾಯಿಯೂ ನನ್ನ ಬಾಯಿಯೂ ಒಟ್ಟಿಗೇ ಮುಗಿಸಿದ್ದವು. ಗಾಜಿನಾಚೆಯ ಹೆಂಗಸು ಯಂತ್ರದಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಳು.

ಸೇರಿಸಿ ತೋರಿಸಿದಾಗ ನಾನು ನೋಡುವುದಿಲ್ಲ ಎಂದೆ. ಆದರೂ ಕಿವಿಗೆ ಬಿತ್ತು. ಅಲ್ಲಿ ನನ್ನ ದನಿ ಎಲ್ಲಿಯೂ ಇರಲಿಲ್ಲ. ಅದು ಅವನದೇ. ನಾನು ಬಾಯಿ ಮುಚ್ಚಿ ಕೂತಿದ್ದೆ, ಅವನು ಮಾತಾಡುತ್ತಿದ್ದ.

ಹೊರಡುವಾಗ ಮೇಷ್ಟ್ರು ನನ್ನ ಭುಜ ಹಿಡಿದರು. "ಎರಡನೆಯದನ್ನೇ ಇಟ್ಟುಕೊಳ್ಳುತ್ತೇನೆ," ಎಂದರು. ಆಮೇಲೆ ಸಿಟ್ಟಿನಿಂದೆಂಬಂತೆ, "ನನ್ನ ವಾಕ್ಯ ಚೆನ್ನಾಗಿತ್ತು."

"ಬಹಳ ಚೆನ್ನಾಗಿತ್ತು ಮೇಷ್ಟ್ರೇ," ಎಂದೆ. ಸುಳ್ಳಲ್ಲ.

ಮನೆ

ವಿನಯಾ ಆ ತುಣುಕನ್ನು ನನ್ನ ಫೋನಿಗೆ ಹಾಕಿಕೊಟ್ಟಿದ್ದರು. ವಿಮಾನದಲ್ಲಿ ಅದನ್ನು ಅಂಗಿಯ ಎದೆಯ ಕಿಸೆಯಲ್ಲಿಟ್ಟುಕೊಂಡು ಕೂತಿದ್ದಾಗ, ಯಾವಾಗ ತಾನಾಗಿಯೇ ಮಾತಾಡಿಬಿಡುತ್ತದೋ ಎಂದು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಮೂಡುಬಿದಿರೆಯ ಒಬ್ಬರು, "ಎದೆ ನೋವಾ? ಹುಷಾರು, ಈಗೆಲ್ಲ ಸಣ್ಣ ವಯಸ್ಸಿಗೇ ಬರ್ತದೆ," ಎಂದರು. ನಾನು ಕೈ ತೆಗೆದೆ.

ಮನೆ ಮುಟ್ಟಿದಾಗ ಬೆಳಿಗ್ಗೆ. ಅಮ್ಮ ಚಾವಡಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಊಟ ಏನಿತ್ತು, ಹಪ್ಪಳ ಮುಟ್ಟಿತಾ ಎಂದು ಯಾವುದನ್ನೂ ಕೇಳಲಿಲ್ಲ. ಕೈ ಚಾಚಿದಳು. ಫೋನನ್ನು ಅವಳ ಕೈಯಲ್ಲಿಟ್ಟು ಒತ್ತಿದೆ.

ಅಣ್ಣ ಹೇಳಿದ. ಅಮ್ಮ ಅಲುಗದೆ ಕೇಳಿದಳು. "ಊಟ ಮಾಡು" ಎಂದಾಗ, ಆಯ್ತು ಎಂಬಂತೆ ತಲೆಯಾಡಿಸಿದಳು. ಇನ್ನೊಮ್ಮೆ ಎಂದಳು. ಮತ್ತೆ ಹಾಕಿದೆ. "ನನಗೆ ಏನೂ ಇಲ್ಲ, ಕಲ್ಲಿನ ಹಾಗೆ ಇದ್ದೇನೆ" ಎಂಬಲ್ಲಿ ಅವಳ ಹುಬ್ಬು ಗಂಟಾಯಿತು.

ಇದು ನಾನು ಹೇಳಿದ್ದಮ್ಮ, ದನಿ ನನ್ನದು ಎಂದು ಅಲ್ಲಿಯೂ ತಪ್ಪಿಸಿಕೊಳ್ಳಬಹುದಿತ್ತು. ಬಾಯಿಯ ತನಕ ಬಂದಿತ್ತು. ಅಂಗಳದಲ್ಲಿ ರಿಕ್ಷಾ ಕೂಡ ನಿಂತಿತ್ತು.

"ಏನೂ ಇಲ್ಲ ಅಂತ ಅವನೇ ಹೇಳ್ತಾನಲ್ಲ," ಎಂದಳು ಅಮ್ಮ. "ಮತ್ತೆ ಹಾರ್ಟಿನದ್ದು ಇತ್ತು ಅಂತ ಹೇಳಿದ್ದು ಯಾರು?"

"ನಾನು," ಎಂದೆ.

ಅಮ್ಮ ಮುಖವೆತ್ತಿದಳು. ಮಂಜಾದ ಕಣ್ಣುಗಳು ನನ್ನ ಕಡೆಗೂ ಕೈಯಲ್ಲಿದ್ದ ಫೋನಿನ ಕಡೆಗೂ ಹೊರಳಿದವು.

"ಯಾವ ನಾನು?"

"ಸದು, ಅಮ್ಮ."